ಹಣ್ಣಿನ ಹೆಸರು ಕೇಳಿದರು

ಗೋಕಾಕ
೨೧ ನವೆಂಬರ್ ೨೦೨೨

ಪ್ರೀತಿಯ ಇರ್ಫಾನಾ,

ಫೋನು ಎತ್ತುವುದಿಲ್ಲ ಎಂದು ನೀನು ಹಟ ಹಿಡಿದಿದ್ದೀ. ಕಾಗದ ಬಂದರೆ ಮಾತ್ರ ಒಡೆಯದೆ ಇರಲಾರೆ, ಅದು ಧಾರವಾಡದ ಹಾಸ್ಟೆಲ್ಲಿನಿಂದಲೂ ನನಗೆ ಗೊತ್ತು. ನನಗೆ ಬಂದ ಕಾಗದಗಳನ್ನೂ ನೀನೇ ಮೊದಲು ಒಡೆಯುತ್ತಿದ್ದೆಯಲ್ಲ!

ನಿನ್ನ ಮಗಳು ಕೈನಾತ ಎಲ್ಲ ಹೇಳಿದಳು. ಕಳೆದ ವರ್ಷದ ಜ್ವರದಲ್ಲಿ ಹೋದ ವಾಸನೆ ಇನ್ನೂ ಮರಳಿಲ್ಲವಂತೆ. ಹುಕ್ಕೇರಿಯ ಅತ್ತರಿನ ಅಂಗಡಿಯನ್ನು ಈ ತಿಂಗಳ ಕೊನೆಗೆ ಮೊಬೈಲ್ ಮಾರುವವರಿಗೆ ಬಿಟ್ಟುಕೊಡುತ್ತೀಯಂತೆ. "ಮೂಗ ಸತ್ತಾಕಿಗೆ ಅತ್ತರಿನ ಅಂಗಡಿ ಯಾಕ ಬೇಕು" ಎಂದೆಯಂತೆ. ಅದಕ್ಕೆ ಈಗಲೇ ಉತ್ತರ ಕೊಡುವುದಿಲ್ಲ. ಮೊದಲು ಒಂದು ನಗೆಯ ಸಂಗತಿ ಕೇಳು.

ಶನಿವಾರ ನಾನು ವೈನಿನ ಊಟಕ್ಕೆ ಹೋಗಿದ್ದೆ. ಹೌದು, ನಾನೇ, ಕೊರಳಲ್ಲಿ ಲಿಂಗ ಇರುವವಳು. ನನ್ನ ಅಣ್ಣನ ಮಗ ಅಭಿಷೇಕ ತಿಕೋಟಾ ಕಡೆಯ ದ್ರಾಕ್ಷಿಯಿಂದ ವೈನ್ ಮಾಡುತ್ತಾನಲ್ಲ, ಅವನು ಇಲ್ಲಿಯ ಹೊಟೇಲೊಂದರಲ್ಲಿ ಊಟ ಇಟ್ಟುಕೊಂಡಿದ್ದ. ಒಂದೊಂದು ಅಡುಗೆಗೆ ಒಂದೊಂದು ವೈನ್. ಹೇಗೆ ಸವಿಯಬೇಕೆಂದು ಹೇಳಿಕೊಡಲು ಪುಣೆಯಿಂದ ಕಿಶೋರ ಎಂಬ ಪರಿಣತರು, ಮೂಲತಃ ನಮ್ಮ ಕಡೆಯವರೇ, ಬಂದಿದ್ದರು. ಹುಡುಗ ಬಲವಂತ ಮಾಡಿದ, ಹೋದೆ. ಮನೆಯಲ್ಲಿ ಅತ್ತೆ ಕೆಂಚವ್ವನಿಗೆ ಏನು ಹೇಳಿ ಹೋದೆ ಎಂದು ಮಾತ್ರ ಕೇಳಬೇಡ.

ರೊಟ್ಟಿ, ಎಣ್ಣೆಗಾಯಿ ಬಂದವು. ಜೊತೆಗೆ ಅಷ್ಟು ದೊಡ್ಡ ಗಾಜಿನ ಲೋಟದ ತಳದಲ್ಲಿ ಎರಡು ಗುಟುಕು ವೈನ್. ನಮ್ಮ ಪಂಕ್ತಿಯಲ್ಲಿ ಹೀಗೆ ಬಡಿಸಿದರೆ ಬೀಗರು ಎದ್ದು ಹೋಗುತ್ತಾರೆ. ನನ್ನ ಪಕ್ಕ ಕುಳಿತಿದ್ದ ಸಂಕೇಶ್ವರದ ಬೆಲ್ಲದ ವ್ಯಾಪಾರಿ ದುರ್ಗಪ್ಪನವರು ಲೋಟ ಎತ್ತಿ ನೋಡಿ, "ಏನೋ ಅಭಿಷೇಕಾ, ತೀರ್ಥ ಕೊಟ್ಟಂಗ ಕೊಟ್ಟಿಯಲ್ಲೋ! ತುಂಬ ಹಾಕಪಾ, ನಾವೇನ ಬ್ಯಾರೇ ಮಂದಿ ಅಲ್ಲ" ಎಂದರು. "ಕಾಕಾ, ಮೊದಲ ಮೂಸಿ ನೋಡಬೇಕ್ರಿ" ಎಂದ ಇವನು. "ಮೂಸಾಕ ನಾನೇನ ನಾಯೇನಲೇ?"

ನಾನು ಕುಡಿಯಲಿಲ್ಲ. ಆದರೆ ಮೂಸಿದೆ. ಮರದ ಪೀಪಾಯಿಯಲ್ಲಿ ಬಹುಕಾಲ ಇಟ್ಟ ಕೆಂಪು ವೈನ್. ಕಣ್ಣು ಮುಚ್ಚಿದ್ದೇ ತಡ, ನಿಮ್ಮ ಅಂಗಡಿಯಲ್ಲಿದ್ದೆ. ಹಳೆಯ ಕಟ್ಟಿಗೆಯ ಕಪಾಟು, ಲವಂಗ, ಎಲ್ಲೋ ಒಣದ್ರಾಕ್ಷಿ. ರಜೆಗೆ ನಿನ್ನ ಜೊತೆ ಬಂದಾಗಲೆಲ್ಲ ನಿನ್ನ ಅಬ್ಬಾ, ಮೈನೋದ್ದೀನ ಕಾಕಾ, ಅತ್ತರಿನ ಅರಳೆಯನ್ನು ನನ್ನ ಮುಂಗೈಗೆ ಸವರುತ್ತಿದ್ದರು. ನಾನು ಮಲ್ಲಿಗೆ, ಕೇದಗೆ ಎಂದು ಜಾಣತನ ತೋರಿಸಿದರೆ, "ಹೂವಿನ ಹೆಸರ ನಂಗೂ ಗೊತ್ತೈತಿ ಬೇಟಿ. ಯಾರ ನೆನಪಾದ್ರು, ಅದನ್ನ ಹೇಳು" ಎನ್ನುತ್ತಿದ್ದರು. ಯಾರ ನೆನಪೆಂದು ಹೇಳದ ಗಿರಾಕಿಗೆ ಶೀಶೆಯನ್ನೇ ತುಂಬುತ್ತಿರಲಿಲ್ಲ. ಕೊಣ್ಣೂರಿನ ಒಬ್ಬ ಮುದುಕ "ನಮ್ಮ ಎತ್ತಿನ ನೆನಪಾತ್ರಿ" ಎಂದು ಕಣ್ಣೊರೆಸಿಕೊಂಡಾಗ ನಾವಿಬ್ಬರೂ ಪರದೆಯ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಕಾಕಾ ನಗಲಿಲ್ಲ. ಅವನ ಶೀಶೆಯನ್ನು ಕಂಠದವರೆಗೆ ತುಂಬಿ ಕೊಟ್ಟರು.

ಏನು ಪರಿಮಳ ಬಂತೆಂದು ಕಿಶೋರ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಒಬ್ಬರು ನೇರಳೆ ಎಂದರು, ಇನ್ನೊಬ್ಬರು ಅಂಜೂರ. ನನ್ನ ಸರದಿ ಬಂದಾಗ ಬಾಯಿಂದ ಹೊರಟದ್ದು "ಮೈನೋದ್ದೀನ ಕಾಕಾ."

ಸಭೆಯೆಲ್ಲ ಗೊಳ್ಳೆಂದಿತು. "ಅಕ್ಕಾರ, ಹಣ್ಣಿನ ಹೆಸರ ಕೇಳಾಕತ್ತಾರ್ರಿ!" ಎಂದು ದುರ್ಗಪ್ಪನವರು ಮೇಜು ಬಡಿದರು.

ಕಿಶೋರ ನಗಲಿಲ್ಲ. ಕೊನೆಗೆ ಕರದಂಟು ಬಂದಾಗ ನನ್ನ ಬಳಿ ಬಂದು ಕುಳಿತು, ಕಾಕಾ ಯಾರೆಂದು ಕೇಳಿದರು. ಹೇಳಿದೆ. ನಿನ್ನ ಸಂಗತಿಯನ್ನೂ ಹೇಳಿದೆ. ಅದೇ ಜ್ವರ ಅವರ ಮೂಗನ್ನೂ ಕಸಿದುಕೊಂಡಿತ್ತಂತೆ. ಬೆಳಿಗ್ಗೆ ಸಂಜೆ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಮೂಸುತ್ತ, ಒಂದೊಂದಕ್ಕೂ ಹಳೆಯ ನೆನಪು ಕರೆಯುತ್ತ ಕೂತರಂತೆ. ತಿಂಗಳುಗಟ್ಟಲೆ ಏನೂ ಇಲ್ಲ. ಆಮೇಲೆ ಒಂದು ದಿನ ಲವಂಗ ಬಂತಂತೆ. "ಮೂಗಂದ್ರ ಸಾಲಿ ಬಿಟ್ಟ ಪೋರ ಇದ್ದಂಗ್ರಿ ಬಾಯಿ. ದಿನಾ ಕೈ ಹಿಡದು ಕರಕೊಂಡು ಹೋಗಬೇಕು. ಎಲ್ಲಾರಿಗೂ ಬರತೈತಿ ಅಂತ ಹೇಳಂಗಿಲ್ಲ. ಆದ್ರ ಕರೀದ ಇದ್ರ ಖರೇನ ಬರಂಗಿಲ್ಲ" ಎಂದರು.

ಈ ಕಾಗದದ ಜೊತೆ ನಾಲ್ಕೂ ಇವೆ. ಗುಲಾಬಿಯ ಅತ್ತರು ನಿಮ್ಮ ಅಂಗಡಿಯದೇ. ನನ್ನ ಮದುವೆಗೆ ಕಾಕಾ ಕೊಟ್ಟದ್ದು, ತಳದಲ್ಲಿ ಒಂದಿಷ್ಟು ಉಳಿದಿತ್ತು. ಏನೂ ಬಾರದಿದ್ದರೆ ಬಾರದಿರಲಿ. ಯಾರನ್ನು ನೆನೆದೆ ಎಂದಷ್ಟು ನನಗೆ ಬರೆ. ಅಂಗಡಿಯ ಕೀಲಿ ಮಾತ್ರ ಯಾರಿಗೂ ಕೊಡಬೇಡ. ಭಾನುವಾರ ಬರುತ್ತೇನೆ. ಆ ಕಪಾಟಿನ ಮುಂದೆ ಇಬ್ಬರೂ ಕೂರೋಣ. ನಿನ್ನ ಮೂಗಿಗೆ ಬಾರದ್ದನ್ನು ನಾನು ಹೇಳುತ್ತ ಹೋಗುತ್ತೇನೆ.

ನಿನ್ನ ಕೋಣೆಯ ಗೆಳತಿ,
ಶೈಲಾ

ತಾ.ಕ.: ಅಭಿಷೇಕ ಬಲವಂತ ಮಾಡಿದ ಎಂದು ಬರೆದದ್ದು ಸುಳ್ಳು. "ಅತ್ತಿ, ಕುಡಿಯಂಗಿಲ್ಲ ಏನಿಲ್ಲ, ನೀವು ಬಂದು ಏನ ಮಾಡತೀರಿ?" ಎಂದೇ ಕೇಳಿದ್ದ. ಪುಣೆಯ ಪರಿಣತರ ಮೂಗು ಹೋಗಿ ಮರಳಿ ಬಂದ ಕಥೆ ಅವನ ಬಾಯಿಂದ ಕೇಳಿದ ದಿನವೇ ನನಗೊಂದು ಕುರ್ಚಿ ಇಡು ಎಂದಿದ್ದೆ. ಮನೆಗೆ ಬಂದಾಗ ಕೆಂಚವ್ವ ನನ್ನ ಸೆರಗು ಮೂಸಿ, "ಎಲ್ಲಿಗೆ ಹೋಗಿದ್ದಿ?" ಎಂದರು. ಹುಕ್ಕೇರಿಗೆ ಎಂದೆ.