ಅಕ್ಕನ ಕಿವಿ

9-2-2025, ಭಾನುವಾರ. ಬಿಳಿಗೆರೆ

ಅಕ್ಕ, ಹೇಗಿದ್ದೀಯ? ನಂಜುಂಡಪ್ಪ ಭಾವನ ಮಂಡಿನೋವು ಇಳಿಯಿತಾ? ನಿನ್ನ ಮೊಮ್ಮಗಳು ಇಂಪನಾಗೆ ಕೆಮ್ಮು ಬಿಡ್ತಾ? ತುರುವೇಕೆರೆ ಕಡೆ ಬೆಳಗಿನ ಚಳಿ ಇನ್ನೂ...

ಇಷ್ಟು ಬರೆದು ನಿಂತೆ. ಕಾಗದಕ್ಕೆ ಇಳಿಸೋ ಮುಂಚೆ ಡೈರಿಯಲ್ಲಿ ಬರೆದು ನೋಡೋದು ಅಭ್ಯಾಸ. ಈಚೆಗೆ ಕಾಗದ ಜಾಸ್ತಿಯಾಗಿದೆ. ಅಕ್ಕನ ನಗೆಚಾಟಿಕೆ — "ಎಲ್ಲರ ಕೈಲೂ ಫೋನು, ಇವನೊಬ್ಬ ಅಂಚೆಯವನನ್ನ ಕಾಯ್ತಾನೆ."

ಕಾರಣ ಇಲ್ಲಿ ಮಾತ್ರ ಬರೆಯಬಲ್ಲೆ. ಬಲಗಿವಿ ದೀಪಾವಳಿಗೇ ಹೋಯ್ತು. ಎಡಗಿವಿ ಸಂಕ್ರಾಂತಿಯಿಂದ ಹಿಂದೆ ಸರೀತಿದೆ. ಫೋನಿನಲ್ಲಿ ಅಕ್ಕನ ದನಿ ಡಬ್ಬಿಯೊಳಗೆ ಸಿಕ್ಕ ದುಂಬಿ. ಮನೇಲಿ ಯಾರಿಗೂ ಹೇಳಿಲ್ಲ.

ಹೇಳೋದು ಹೇಗೆ? ಈ ವಾರ ಅಟ್ಟ ಇಳಿಸಬೇಕು. ಹನ್ನೊಂದು ತಿಂಗಳಿಂದ ಅಲ್ಲಿ ಒಣಗ್ತಿರೋ ತೆಂಗಿನಕಾಯಿ. ಒಂದೊಂದನ್ನೂ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಉರುಳೋ ಸದ್ದು ಕೇಳಿ, ಆಯ್ತು ಅನ್ನಬೇಕಾದವನು ನಾನು. ಊರಿನವರೂ ಕರೀತಾರೆ — "ಶಂಭುಲಿಂಗಯ್ಯನ ಕಿವಿ ಒಂದ್ಸಲ ಬೀಳ್ಲಿ ಕಣ್ರೀ." ಕಿವಿ ಇಲ್ಲದ ಶಂಭುಲಿಂಗಯ್ಯ ಯಾರಿಗೆ ಬೇಕು?

11-2, ಮಂಗಳವಾರ

ಪದಗಳ ನೋಟ್‌ಬುಕ್ಕಿಗೆ ಇವತ್ತು ಹೊಸದೊಂದು ಸಿಕ್ತು. ಹೇಳೋಕೆ ಒಂದೇ ಪದ, ಭಾಷೆ ಬೇರೆ, ಅರ್ಥಕ್ಕೂ ಅರ್ಥಕ್ಕೂ ನೆಂಟಸ್ತನವೇ ಇಲ್ಲ — ಅಂಥವು ಮಾತ್ರ ಅದರಲ್ಲಿ. ಏಳನೇ ಕ್ಲಾಸಿಗೆ ಬಿಟ್ಟವನಿಗೆ ಇದೇ ಕಾಲೇಜು. ನಮಗೆ ಆಟ ಅಂದರೆ ಆಡೋದು, ಹಿಂದಿಯವರಿಗೆ ಗೋಧಿ ಹಿಟ್ಟು. ನಮ್ಮ ಕಲ್ ಅಂದರೆ ಕಲ್ಲು, ಅಲ್ಲಾಡಲ್ಲ, ಅವರ ಕಲ್ ನಿನ್ನೆಗೂ ಹೋಗುತ್ತೆ, ನಾಳೆಗೂ ಬರುತ್ತೆ. 'ನಾ' ಅಂದರೆ ನಮಗೆ ನಾನು. ಅವರಿಗೆ 'ಇಲ್ಲ' ಅಂತ. ಇಂಪನಾ ಎಲ್ಲೋ ಓದಿ ಬರೆದಿದ್ದಳು — ಜಪಾನಿನಲ್ಲಿ 'ಅನೆ' ಅಂದರೆ ಅಕ್ಕನಂತೆ. ಸ್ವಲ್ಪ ಎಳೆದರೆ ಆನೆ! ಅಕ್ಕನಿಗೆ ಬರೆಯಬೇಕು. ಬೈತಾಳೆ.

ಇವತ್ತಿನದು ಫೂಲ್ಮಣಿ ಕೊಟ್ಟದ್ದು. ಜಾರ್ಖಂಡದ ಸಂತಾಲ ಬುಡಕಟ್ಟಿನ ಹೆಂಗಸು. ಗಂಡನ ಜೊತೆ ಎರಡು ವರ್ಷದಿಂದ ನಮ್ಮಲ್ಲಿ ಕೊಬ್ಬರಿ ಕೆಲಸ. ಅವಳೊಬ್ಬಳೇ ನನ್ನ ಎದುರಿಗೆ ಬಂದು, ನಿಧಾನವಾಗಿ, ಜೋರಾಗಿ ಮಾತಾಡೋದು.

"ಅಜ್ಜಾ, ನಮ್ಮ ಭಾಷೇಲಿ ಅಮ್ಮಂಗೆ ಅಯೋ."

"ನಮ್ಮಲ್ಲಿ ಅಯ್ಯೋ ಅಂದ್ರೆ ಕೆಟ್ಟೆ ಅಂತ ಕಣಮ್ಮ."

"ಬಿದ್ರೆ ಏನಂತೀರಾ?"

"ಅಮ್ಮಾ ಅಂತೀವಿ."

"ಮತ್ತೆ?" ಅಂದಳು, ವಕೀಲರ ಹಾಗೆ ಸೊಂಟದ ಮೇಲೆ ಕೈಯಿಟ್ಟು. ಬರೆದುಕೊಂಡೆ. ನಮ್ಮ ಪದದ ಕಡೆಗೋ ಅವರ ಪದದ ಕಡೆಗೋ ಗೊತ್ತಾಗದೆ ಹಾಳೆಯ ನಡುವೆ ಬರೆದೆ.

14-2, ಶುಕ್ರವಾರ

ಅಟ್ಟ ಹತ್ತಿದೆ. ಮೂಲೆ ರಾಶಿಯಲ್ಲಿ ಹತ್ತು ಕಾಯಿ ಅಲ್ಲಾಡಿಸಿದೆ. ಏನೂ ಕೇಳಿಸಲಿಲ್ಲ. ಅಂಗೈಗೆ ಏನೋ ಬಡಿದ ಹಾಗಾಯ್ತು — ಕೊಬ್ಬರಿಯೋ, ನನ್ನ ಭ್ರಮೆಯೋ. ಕೆಳಗೆ ಮಗ ಜ್ಞಾನೇಶ ಮುಖ ಎತ್ತಿ ನಿಂತಿದ್ದ.

"ಆಗೈತೆ ಕಣ್ಲಾ. ಇಳಿಸು" ಅಂದೆ.

15-2, ಶನಿವಾರ, ಬೆಳಗ್ಗೆ 11

ಫೂಲ್ಮಣಿ ಇಳಿಸಿದ ಕಾಯಿ ಸುಲಿದು ಒಡೆದರು. ಮೊದಲ ಐವತ್ತರಲ್ಲಿ ಮೂವತ್ತು ಹಸಿ. ಚಿಪ್ಪಿಗೆ ಕಚ್ಚಿಕೊಂಡಿದೆ, ಉಂಡೆ ಬರಲಿಲ್ಲ, ಬರೀ ಚೂರು. ಒಡೆದ ಕಾಯಿ ಮತ್ತೆ ಅಟ್ಟಕ್ಕೆ ಹೋಗೋದಿಲ್ಲ.

ಜ್ಞಾನೇಶ ಅವಳ ಮೇಲೆ ಕೂಗಾಡಿದ. ಕೂಗಿದ್ದಕ್ಕೇ ನನಗೆ ಅಷ್ಟೂ ಕೇಳಿಸ್ತು. "ಅಪ್ಪ ನೋಡಿದ್ದು ಮೂಲೆ ರಾಶಿ! ನೀನ್ಯಾವುದನ್ನ ಇಳಿಸ್ದೆ? ಬಾಗಿಲ ಹತ್ರದ್ದು ತಾನೆ? ನಾಳೆಯಿಂದ ಬರಬ್ಯಾಡ, ಬುಡು."

ಫೂಲ್ಮಣಿ ನನ್ನ ಕಡೆ ನೋಡಿದಳು. ತುಟಿ ಆಡಿತು. ಅಯೋ ಅಂದ ಹಾಗೆ ಕಂಡಿತು.

ಇಳಿಸಿದ್ದು ಮೂಲೆ ರಾಶಿಯನ್ನೇ. ನಾನೇ ನಿಂತು ನೋಡಿದ್ದೆ. ಬಾಯಿ ಬಿಡಲಿಲ್ಲ.

22-2, ಶನಿವಾರ

ವಾರ ಆಯ್ತು, ಪೆನ್ನು ಮುಟ್ಟಿಲ್ಲ. ಫೂಲ್ಮಣಿ ಕಿಬ್ಬನಹಳ್ಳಿ ಕ್ರಾಸಿನ ಒಂದು ಹೋಟ್ಲಲ್ಲಿ ಪಾತ್ರೆ ತೊಳೀತಾಳಂತೆ. ಗಂಡ ನಮ್ಮಲ್ಲೇ ಇದ್ದಾನೆ. ತಲೆ ಎತ್ತದೆ ಸುಲೀತಾನೆ.

ಅಪ್ಪ ನೆನಪಾಗ್ತಾನೆ. ಅಟ್ಟದಿಂದ ಕಾಯಿ ಕೆಳಗೆ ಕೊಡೋದು ನನ್ನ ಕೆಲಸ. ಕತ್ತು ವಾಲಿಸಿ ಕೇಳೋದು ಅಕ್ಕನ ಕೆಲಸ. "ದ್ರಾಕ್ಷಾಯಣಿ ಮುಂದೆ ಕಾಯಿ ಸುಳ್ಳು ಹೇಳಲ್ಲ" ಅಂತ ಅಪ್ಪ ಅಕ್ಕನ ಹೆಸರು ಹಿಡಿದು ಅಂತಿದ್ದ. ಅಕ್ಕ ಮದುವೆಯಾಗಿ ಹೋದ ವರ್ಷ ನಾನೂ ಅವಳ ಹಾಗೇ ಕತ್ತು ವಾಲಿಸಿ ನಿಂತೆ. ಜನ ಶಂಭುಲಿಂಗಯ್ಯನ ಕಿವಿ ಅಂದರು. ತಿದ್ದಲಿಲ್ಲ. ಆಗಲೂ ಬಾಯಿ ಬಿಡಲಿಲ್ಲ, ಮೊನ್ನೆಯೂ ಬಿಡಲಿಲ್ಲ.

24-2, ಸೋಮವಾರ, ಮಧ್ಯಾಹ್ನ 3

ಬೆಳಗ್ಗೆ ತಿಂಡಿಗೆ ಕೂತಾಗ ಹೇಳಿಬಿಟ್ಟೆ. "ಜ್ಞಾನೇಶ, ಅವಳದಲ್ಲ ತಪ್ಪು. ನನಗೆ ಕಿವಿ ಕೇಳಿಸ್ತಿಲ್ಲ ಕಣಪ್ಪ."

ಏನೋ ಅಂದ. "ಜೋರಾಗಿ" ಅಂದೆ.

"ಯಾವತ್ತಿಂದ?"

"ದೀಪಾವಳಿ."

"ಅಷ್ಟು ಜನದ ಮುಂದೆ ಅವಳನ್ನ ಅಂದ್ನಲ್ಲಪ್ಪಾ, ಆವಾಗ್ಲಾದ್ರೂ..." ರೊಟ್ಟಿ ಬಿಟ್ಟು ಎದ್ದು ಬೈಕ್ ತೆಗೆದ. ನಾನೂ ಹಿಂದೆ ಹತ್ತಿದೆ. ಕ್ರಾಸಿನವರೆಗೂ ಮಾತಿಲ್ಲ. ಆಡಿದ್ದರೂ ಗೊತ್ತಾಗ್ತಿರಲಿಲ್ಲ.

ಹೋಟ್ಲ ಹಿತ್ತಲಲ್ಲಿ ಫೂಲ್ಮಣಿ ಸೋಪಿನ ಕೈಯಲ್ಲೇ ಎದ್ದು ನಿಂತಳು. ಜ್ಞಾನೇಶ "ತಪ್ಪಾಯ್ತು ಕಣಮ್ಮ" ಅಂದದ್ದು ತುಟಿಯಿಂದ ತಿಳೀತು. ನಾನೂ ಅಂದೆ. ಅವಳು ನನ್ನ ಎದುರಿಗೆ ಬಂದು, ಎಂದಿನ ಹಾಗೆ ನಿಧಾನವಾಗಿ —

"ನಿಮಗೆ ಕೇಳಲ್ಲ, ನನಗೆ ಮುಂಚೆನೇ ಗೊತ್ತು ಅಜ್ಜಾ. ನೀವೇ ಹೇಳ್ತೀರಾ ಅಂತ ಕಾದೆ."

"ಬಾರಮ್ಮ ಮನೆಗೆ."

"ಕಾಯಿ ಯಾರು ನೋಡೋದು? ನೀವೇ ಅಂದ್ರೆ ನಾನು ಬರಲ್ಲ."

ಜ್ಞಾನೇಶನಿಗೆ ನಗು ತಡೆಯಲಾಗಲಿಲ್ಲ. ನನಗೂ. ಆದರೆ ಅವಳು ನಗಲಿಲ್ಲ. ಉತ್ತರಕ್ಕೆ ಕಾಯ್ತಾನೇ ಇದ್ದಳು.

"ನಮ್ಮಕ್ಕ" ಅಂದೆ.

ಅದೇ ದಿನ, ಸಂಜೆ 5

ಅಕ್ಕ, ಈ ಸಲ ಆನೆ ಗೀನೆ ತಮಾಷೆ ಇಲ್ಲ. ಮಿಕ್ಕ ಅಟ್ಟ ಹಾಗೇ ಇದೆ. ನೀನು ಬರಬೇಕು. ಅಪ್ಪನ ಕಾಲದ ಹಾಗೆ ಕೆಳಗೆ ಕೂತು ಕೇಳು. ಮೆಟ್ಟಿಲು ಹತ್ತೋದು ಬೇಡ. ಫೂಲ್ಮಣಿ ಅಂತ ಒಬ್ಬಳಿದ್ದಾಳೆ, ಅವಳು ಇಳಿಸಿಕೊಡ್ತಾಳೆ. ಅವಳಿಗೂ ಕೇಳೋದು ಕಲಿಸು. ಊರಲ್ಲಿ ನನ್ನದು ಅಂತಿದ್ದ ಕಿವಿ ಯಾರದು ಅಂತ ನಾನೇ ಹೇಳ್ತೀನಿ, ನೀನು ಪಕ್ಕದಲ್ಲಿ ಇರುವಾಗಲೇ. ಭಾವನನ್ನೂ ಕರ್ಕೊಂಡು ಬಾ. ಯಾವ ಬಸ್ಸಿಗೆ ಅಂತ ಬೇಗ ಬರೆದು ತಿಳಿಸು. ಫೋನ್ ಮಾಡಬೇಡ ಅಕ್ಕ, ನನಗೆ —