ವಾರ್ಡಿಗೆ ಹೋಗುವ ಮುನ್ನ

ಗುಲಬರ್ಗಾ, ಮೇ ೧೯೫೪

ಪುತಳಾಬಾಯಿ ಅವ್ವನವರಿಗೆ,

ನೀವು ನಿಮ್ಮೂರು ಕಮಲಾಪುರದಲ್ಲಿ ತೀರಿಕೊಂಡು ವರ್ಷವಾಯಿತು. ಆದರೂ ಇಂದಿನ ಸಂತೋಷವನ್ನು ಮೊದಲು ನಿಮಗೇ ಹೇಳಬೇಕೆನಿಸಿತು.

ಹೈದರಾಬಾದಿನಲ್ಲಿ ಡಾಕ್ಟರಿ ಓದುವ ನಮ್ಮ ಹುಡುಗರಿಗೆ, ವಾರ್ಡಿನಲ್ಲಿ ರೋಗಿಗಳನ್ನು ಹೇಗೆ ವಿಚಾರಿಸಬೇಕೆಂದು ತಿಳಿಸುವ ನನ್ನ ಪುಟ್ಟ ಕೈಪಿಡಿ ಇವತ್ತು ಅಚ್ಚಾಗಿ ಬಂತು.

ನಾನು ವಿದ್ಯಾರ್ಥಿಯಾಗಿದ್ದಾಗ ರಜೆಗೆ ಬಂದು ಇಲ್ಲಿನ ದವಾಖಾನೆಯಲ್ಲಿ ನಿಮ್ಮ ಮಂಚದ ಬಳಿ ನಿಂತು, “ಏ ಮುದುಕಿ, ದಮ್ಮು ಯಾವಾಗಿಂದ?” ಎಂದು ಗದರಿದ್ದೆ.

“ಮೊದಲ ಕೂಡ್ರಿ ಡಾಕ್ಟರಸಾಬ. ಹೊಂಟು ನಿಂತವರಿಗೆ ಏನಂತ ಹೇಳಲ್ರಿ?” ಎಂದಿರಿ.

ಕೂತೆ. ಅಂಗಾತ ಮಲಗಿದರೆ ಉಸಿರು ಕಟ್ಟುವುದರಿಂದ ಜೋಳದ ಚೀಲಕ್ಕೆ ಒರಗಿಯೇ ನಿದ್ದೆ ಮಾಡುತ್ತೀರೆಂದು ಆಗ ಹೇಳಿದಿರಿ. ರೋಗ ಹೃದಯದ್ದು ಎಂದು ನನಗೆ ಹೊಳೆದದ್ದು ಹಾಗೆ. ನೀವು ಊರಿಗೆ ಹೊರಟ ದಿನ ನಾನು ಪರೀಕ್ಷೆಗೆ ಓದುತ್ತ ಮನೆಯಲ್ಲೇ ಉಳಿದೆ; ನಿಮ್ಮನ್ನು ಕಳಿಸಿಕೊಡಲು ಬರಲಿಲ್ಲ.

ಇಂದು ಇಲ್ಲಿನ ಗಾಜಿಪುರ ಓಣಿಯ ನಮ್ಮ ಮನೆಗೆ ಖಂಡೆಪ್ಪ ಬಂದಿದ್ದ. ಡಾಕ್ಟರಿ ಓದುತ್ತ ಈ ವರ್ಷ ಮೊದಲ ಸಲ ವಾರ್ಡಿಗೆ ಹೊರಟವನು. ಕೈಪಿಡಿ ತೆರೆದು ಕೇಳಿದ: “ಅಣ್ಣಾರ, ‘ಮೊದಲು ಕೂತುಕೊಳ್ಳಿ’ ಅಂತ ಶುರು ಮಾಡೀರಿ. ಇದನ್ನ ಯಾವ ಪ್ರೊಫೆಸರ್ ಹೇಳ್ಯಾರ್ರೀ?”

“ಪುತಳಾಬಾಯಿಯವರು.”

ಅವನು ತಟ್ಟನೆ ಪೆನ್ನು ತೆಗೆದು, ಅಂಚಿನಲ್ಲಿ ‘ಪ್ರೊಫೆಸರ್ ಪುತಳಾಬಾಯಿ, ಹೈದರಾಬಾದ್’ ಎಂದು ಬರೆದುಕೊಂಡ. ನಾನು ನಗು ತಡೆದುಕೊಂಡು, ಊರಿನ ಹೆಸರನ್ನಷ್ಟೇ ಕಮಲಾಪುರ ಎಂದು ತಿದ್ದಿಸಿದೆ.

ನಿಮ್ಮ
ದತ್ತಪ್ಪ