ಒತ್ತು, ವದ್ದು

ಮೋಹನ್‌ಬಾಬು ಅವರಿಗೆ,

ಇವತ್ತು ‘ರೀ’ ಅನ್ನೋಕೆ ಮನಸ್ಸಿಲ್ಲ.

ಶಿಡ್ಲಘಟ್ಟದ ಬಸ್ಸಿಗೆ ಹೊರಟೆ, ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ಬೇಗ ಇರಬೇಕು. ಚಿತ್ರಾನ್ನ ಮುಚ್ಚಿಟ್ಟಿದ್ದೀನಿ. ಕಣ್ಣಿನ ಡ್ರಾಪ್ಸ್ ಫ್ರಿಜ್ ಮೇಲಿದೆ, ಮರೀದೆ ಹಾಕ್ಕೊಳ್ಳಿ.

ಕಾರಿನ ಕೀ ಹುಡುಕಬೇಡಿ, ನನ್ನ ಬ್ಯಾಗಲ್ಲಿದೆ. ದೊಡ್ಡ ಮಾಡೆಲ್ಲಿನ ಬ್ರೇಕ್ ತಂದು ನಿಮ್ಮ ಸ್ಪೋರ್ಟ್ಸ್ ಕಾರಿಗೆ ಕೂರಿಸಿದ್ದು ಚೆನ್ನಾಗೇ ಇದೆ. ಆದ್ರೆ ಪೈಪಲ್ಲಿ ಗಾಳಿ ಇರೋ ತನಕ ಪೆಡಲ್ ಸೀದಾ ತಳಕ್ಕೆ ಹೋಗತ್ತೆ. ಮೆಲ್ಲಗೆ ಓಡಿಸ್ತೀನಿ ಅಂತ ಹೈವೇಗೆ ಇಳಿಯೋರು ನೀವು.

ನಿನ್ನೆ ಎಲ್ಲಾ ನಂದೇ ತಪ್ಪು ಅಂದ್ರಿ. ವಾರದಿಂದ ಕೆಲಸ ಮುಗಿಸಿ ಬಂದು, ಸೀರೆ ಎತ್ತಿಕಟ್ಟಿ ಆ ಸೀಟಲ್ಲಿ ಕೂತು, ಪೈಪಿನ ಗಾಳಿ ತೆಗೆಯೋಕೆ ಅಂತ ಬ್ರೇಕ್ ಪೆಡಲ್‌ನ ನೀವು ‘ಒತ್ತು’ ಅಂದಾಗ ಒತ್ತಿ ‘ಬಿಡು’ ಅಂದಾಗ ಬಿಟ್ಟಿದ್ದೀನಿ. ಮೊಣಕಾಲು ಹಿಡ್ಕೊಂಡಿದೆ. ನಿನ್ನೆ ಪೈಪ್ ಬಿಚ್ಚಿಟ್ಕೊಂಡು ಕಾರಿನ ಕೆಳಗಿಂದ, ಬೇಡ ಅನ್ನೋ ಬದಲು ‘ವದ್ದು, ವದ್ದು’ ಅಂತ ಕೂಗಿದ್ರಿ. ಗಾಬರಿಯಾದ್ರೆ ನಿಮ್ಮ ಬಾಯಿಗೆ ತೆಲುಗೇ ಬರೋದು. ಪೆಡಲ್ ಮೇಲಿದ್ದ ನನ್ನ ಕಾಲಿಗೆ ‘ಒತ್ತು, ಒತ್ತು’ ಅಂತ ಕೇಳಿಸ್ತು. ಇನ್ನೂ ಜೋರಾಗಿ ಒತ್ತಿದೆ. ಬ್ರೇಕ್ ಆಯಿಲ್ ನಿಮ್ಮ ಮುಖಕ್ಕೇ ಹಾರ್ತು. ನಿಮ್ಮ ಮನೆಗೆ ಬಂದು ನನ್ನ ಕಿವಿ ತೆಲುಗು ಕಲಿತಿದೆ, ಕಾಲು ಇನ್ನೂ ಕಲಿತಿಲ್ಲ.

ಆಮೇಲೆ ‘ನಿನ್ನ ಸಹವಾಸನೇ ಬೇಡ’ ಅಂದ್ರಲ್ಲ, ಆ ಬೇಡ ಮಾತ್ರ ಅಚ್ಚ ಕನ್ನಡದಲ್ಲಿ ಬಂತು. ಸರಿಯಾಗೇ ಕೇಳಿಸ್ತು.

ಸಂಜೆ ಬರ್ತೀನಿ. ಪೆಡಲ್ ಹತ್ರ ನಾನು ಬೇಕು ಅನ್ನಿಸಿದ್ರೆ ಕರೀರಿ. ಯಾವ ಭಾಷೇಲಾದ್ರೂ ಸರಿ.

ಪದ್ಮಶ್ರೀ